ಕೊರೆದ ಅಕ್ಷರ ಉಬ್ಬಿ ಕಂಡದ್ದೇಕೆ?

ಕಲ್ಯಾಣಪುರದ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯ ಬಾರ್ಕೂರಿನ ಶಾಸನದ ಫೋಟೋದಲ್ಲಿ ಅಕ್ಷರಗಳು ಉಬ್ಬಿ ನಿಂತಿವೆ, ಮೇಲಿನ ಸೂರ್ಯ-ಚಂದ್ರರು ಗುಂಡಿ ಬಿದ್ದಿದ್ದಾರೆ. ಪುಟ ತಿರುಗಿಸಿದರೆ ಎಲ್ಲ ಸರಿ. ತಲೆಕೆಳಗೆ ಅಚ್ಚಾಯಿತೇ?”

ಇಲ್ಲ ಸ್ವಾಮಿ, ಹಾಗಾಗಿದ್ದರೆ ನಿಮಗೆ ಶಾಸನ ಓದಲು ಬರುತ್ತಿರಲಿಲ್ಲ. ತಿರುಗಿದ್ದು ಬೆಳಕಿನ ದಿಕ್ಕು. ಆ ಕಲ್ಲು ನೆಲಕ್ಕೆ ಒರಗಿದೆ, ತಲೆ ಉತ್ತರಕ್ಕೆ. ಡಿಸೆಂಬರಿನ ಬಿಸಿಲು ದಕ್ಷಿಣದಿಂದ, ಅಂದರೆ ಚಿತ್ರದ ಬುಡದಿಂದ ಬಿದ್ದಿದೆ. ಕೊರೆದ ಗೀರಿನ ಮೇಲಂಚು ಬೆಳಗಿ ಕೆಳಂಚು ಕಪ್ಪಾಯಿತು. ಮೇಲಿನಿಂದ ಬೆಳಕು ಬಿದ್ದ ಉಬ್ಬೂ ಕಾಣುವುದು ಹೀಗೆಯೇ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಮಿದುಳು ಬೆಳಕು ಮೇಲಿನಿಂದಲೇ ಬರುತ್ತದೆಂದು ಹಿಡಿಯುತ್ತದೆ. ಈ ಮೋಸವನ್ನು ಅಮೆರಿಕದ ಖಗೋಳಜ್ಞ ಡೇವಿಡ್ ರಿಟನ್‌ಹೌಸ್ 1786ರಲ್ಲೇ ವಿವರಿಸಿದ್ದರು. ಈ ‘ಮೇಲೆ’ ಎಂಬುದು ಆಕಾಶದ ಲೆಕ್ಕವಲ್ಲ, ಬಹುಮಟ್ಟಿಗೆ ನಮ್ಮ ತಲೆಯ ಲೆಕ್ಕ ಎಂಬುದನ್ನು ವಿ. ಎಸ್. ರಾಮಚಂದ್ರನ್ 1988ರಲ್ಲಿ ನೆರಳು ತುಂಬಿದ ಬರಿಯ ವೃತ್ತಗಳಿಂದ ತೋರಿಸಿದರು. ಪುಟವನ್ನು ಮೇಜಿನ ಮೇಲೆಯೇ ಬಿಟ್ಟು ಎದುರು ಬದಿಯಿಂದ ನೋಡಿ, ಅಕ್ಷರ ಒಳಗಿಳಿಯುತ್ತದೆ. ಉಬ್ಬುಶಿಲ್ಪದ ಮುಖ ಮಾತ್ರ ಸುಲಭಕ್ಕೆ ಗುಂಡಿಯಾಗದು. ಮುಖ ಹೊರಚಾಚಿರುತ್ತದೆಂಬ ರೂಢಿ ಬೆಳಕಿನ ಲೆಕ್ಕವನ್ನೂ ಮೀರಿಸುತ್ತದೆ. ಗಣಪತಿಯ ಅಚ್ಚಿನ ಒಳಮೈಯನ್ನು ಒಂದು ಕಣ್ಣು ಮುಚ್ಚಿ ದೂರದಿಂದ ನೋಡಿ, ಅದೂ ಉಬ್ಬಿದಂತೆಯೇ ಕಾಣುತ್ತದೆ.

ಉಪಗ್ರಹ ಚಿತ್ರದಲ್ಲಿ ಆಗುಂಬೆಯ ಕಣಿವೆ ಏಣಿನಂತೆ ಕಾಣುವುದಕ್ಕೂ ಇದೇ ಕಾರಣ. ಚಿತ್ರ ತೆಗೆದದ್ದು ಚಳಿಗಾಲದ ಬೆಳಗ್ಗೆಯಾದರೆ ಸೂರ್ಯ ಆಗ್ನೇಯದಲ್ಲಿ, ಪುಟದಲ್ಲಿ ಉತ್ತರ ಮೇಲೆ. ನಕ್ಷೆ ಬರೆಯುವವರು ಸೂರ್ಯನನ್ನು ಲೆಕ್ಕಿಸದೆ ವಾಯವ್ಯದ ಬೆಳಕನ್ನೇ ಹಾಕಿಕೊಳ್ಳುವುದು ಅದಕ್ಕೇ.

ನೀವೇ ನೆಲಕ್ಕೊರಗಿದ ಶಾಸನದ ಫೋಟೋ ತೆಗೆಯುವುದಾದರೆ ನಡುಹಗಲು ಬೇಡ, ಗೀರುಗಳಲ್ಲಿ ನೆರಳು ಕಡಿಮೆ. ಬಿಸಿಲಿಗೆ ಕೊಡೆ ಅಡ್ಡ ಹಿಡಿದು, ಎಡ ಮೇಲ್ಮೂಲೆಯಿಂದ ಟಾರ್ಚ್ ಬಿಡಿ. ಬೆಳಕು ಕಲ್ಲಿನ ಮೈಗೆ 10ರಿಂದ 20 ಡಿಗ್ರಿಯಷ್ಟೇ ಓರೆಯಾಗಿರಲಿ. ಟಾರ್ಚ್ ತೀರಾ ಹತ್ತಿರವಾದರೆ ಈ ತುದಿ ಬಿಳಿಚಿ ಆ ತುದಿ ಕತ್ತಲಾಗುತ್ತದೆ, ಒಂದು ಮೀಟರಿನಾಚೆ ಹಿಡಿಯಿರಿ. ಚೌಕಟ್ಟಿನ ಅಂಚಿನಲ್ಲಿ ಪೆನ್ನಿನ ಮುಚ್ಚಳವೊಂದನ್ನು ನಿಲ್ಲಿಸಿ, ಅದರ ನೆರಳು ನೋಡುಗರಿಗೆ ಬೆಳಕಿನ ದಿಕ್ಕು ಹೇಳುತ್ತದೆ. ಬೆಳಕಿನ ಜಾಡಿಗೆ ಸಮಾನಾಂತರವಾದ ಗೀರು ಅಳಿಸಿದಂತಾಗುತ್ತದೆ. ನಮ್ಮ ದುಂಡು ಅಕ್ಷರಗಳಲ್ಲಂತೂ ಪ್ರತಿ ಸುತ್ತಿನ ಎರಡು ತುಣುಕು ಕಾಣೆ. ಆದ್ದರಿಂದ ಕ್ಯಾಮರಾ ಕದಲಿಸದೆ, ಟಾರ್ಚನ್ನು ಬಲ ಮೇಲ್ಮೂಲೆಗೆ ಒಯ್ದು ಇನ್ನೊಂದು ಫೋಟೋ ತೆಗೆಯಿರಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವ ಚಾಳಿ ಮಾತ್ರ ಬೇಡವೇ ಬೇಡ. ಪುಡಿ ಬಿರುಕಿಗೂ ಇಳಿದು, ಇಲ್ಲದ ಒತ್ತಕ್ಷರ ಹುಟ್ಟಿಸುತ್ತದೆ.

— ಸಂ.