ತೂಬು ತೆಗೆದವರು ಯಾರು?

ನಮಸ್ಕಾರ. ಮೆಮೊರಿ ಟ್ಯಾಗಿಂಗ್, ಅಂದರೆ ಕಂಪ್ಯೂಟರ್ ಮೆಮೊರಿಯ ತುಣುಕುಗಳಿಗೆ ಗುರುತು ಹಚ್ಚಿ ತಪ್ಪು ಬಳಕೆಯನ್ನು ಹಿಡಿಯುವ ವಿಧಾನದ ಬಗ್ಗೆ ನೀವು ಕಳಿಸಿದ 'ಸ್ಮೃತಿಗೆ ಕಾವಲು' ಲೇಖನ ಓದಿದೆ. 16 ಬೈಟಿಗೊಂದರಂತೆ 4 ಬಿಟ್‌ನ ಟ್ಯಾಗ್, ಮೆಮೊರಿಯ ವಿಳಾಸ ಹೊತ್ತ ಪಾಯಿಂಟರಿನ ತಲೆಯಲ್ಲೂ ಅದೇ ಟ್ಯಾಗ್, ಎರಡೂ ತಾಳೆಯಾಗದಿದ್ದರೆ ಪ್ರೊಸೆಸರ್ ತಕರಾರು ತೆಗೆಯುತ್ತದೆ: ಆರ್ಮ್ ಚಿಪ್‌ಗಳ ಎಂಟಿಇಯನ್ನು (ಮೆಮೊರಿ ಟ್ಯಾಗಿಂಗ್ ಎಕ್ಸ್‌ಟೆನ್ಷನ್) ಚೊಕ್ಕವಾಗಿ ಹೇಳಿದ್ದೀರಿ. ಸಂತೋಷ.

ಎರಡನೇ ಪುಟಕ್ಕೆ ಬಂದಾಗ ನನ್ನ ಕಾಫಿ ಆರಿಹೋಯಿತು. "ಧ್ವಜವನ್ನು ನೀಡಿ ಸ್ಮೃತಿಯನ್ನು ಹಂಚಲಾಗುತ್ತದೆ. ಟ್ಯಾಗನ್ನು ಸೊನ್ನೆಗೊಳಿಸಲಾಗುತ್ತದೆ. ಬಳಿಕ ಹೊಸ ಟ್ಯಾಗನ್ನು ಹಚ್ಚಲಾಗುತ್ತದೆ." ಮೂರು ವಾಕ್ಯ, ಮೂರು 'ಲಾಗುತ್ತದೆ'. ಮಾಡಿದವರ ಪತ್ತೆಯೇ ಇಲ್ಲ. ನೀವು ಧ್ವಜವೆಂದದ್ದು ಫ್ಲ್ಯಾಗ್, ಕರೆಯ ಜೊತೆ ಕೊಡುವ ಸೂಚನೆ. ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನಲ್ಲಿ, ಇಲ್ಲಿನ ಎರಡು ಫ್ಲ್ಯಾಗ್‌ಗಳನ್ನು ಬೇರೆಬೇರೆ ಇಟ್ಟಿರುವುದೇ ಕೇಳುವವರು ಬೇರೆಬೇರೆ ಎಂಬ ಕಾರಣಕ್ಕೆ.

ಮೊದಲ ವಾಕ್ಯ. ಕೇಳುವುದು ಬಳಕೆದಾರರ ಪ್ರೋಗ್ರಾಮ್. ಮೆಮೊರಿ ಕೇಳುವ ಎಂಮ್ಯಾಪ್ ಕರೆಯಲ್ಲಿ ಪ್ರಾಟ್_ಎಂಟಿಇ ಎಂಬ ಫ್ಲ್ಯಾಗ್ ಸೇರಿಸಿ ಕರ್ನಲ್ಲನ್ನು ಕೇಳುತ್ತದೆ. ಸಾಮಾನ್ಯವಾಗಿ ಕರ್ನಲ್ ಆಗ ಏನನ್ನೂ ಹಂಚುವುದಿಲ್ಲ. 'ಈ ಜಾಗಕ್ಕೆ ಟ್ಯಾಗ್ ಬೇಕಂತೆ' ಎಂದು ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ.

ಎರಡನೆಯದು. ಪ್ರೋಗ್ರಾಮ್ ಆ ಜಾಗವನ್ನು ಮೊದಲ ಸಲ ಮುಟ್ಟಿದಾಗ ಪೇಜ್ ಫಾಲ್ಟ್ ಆಗುತ್ತದೆ, ಅಂದರೆ ಅಲ್ಲಿ ಇನ್ನೂ ಮೆಮೊರಿ ಇಲ್ಲವೆಂದು ಪ್ರೊಸೆಸರ್ ಕರ್ನಲ್ಲನ್ನು ಕರೆಯುತ್ತದೆ. ಆಗ ಕರ್ನಲ್ ಮೆಮೊರಿಯನ್ನು ಪೇಜ್‌ಗಳಾಗಿ ಹಂಚುವ ತನ್ನದೇ ಪೇಜ್ ಅಲೊಕೇಟರನ್ನು ಜಿಎಫ್‌ಪಿ_ಜೀರೋಟ್ಯಾಗ್ಸ್ ಎಂಬ ಫ್ಲ್ಯಾಗ್ ಕೊಟ್ಟು ಕೇಳುತ್ತದೆ. ಪೇಜನ್ನು ಹೇಗೂ ಸೊನ್ನೆ ತುಂಬಿಯೇ ಕೊಡಬೇಕು. ಅದೇ ಕೈಯಲ್ಲಿ ಟ್ಯಾಗನ್ನೂ ಒರೆಸಿದರೆ ಹೆಚ್ಚಿನ ಖರ್ಚು ಅಷ್ಟಾಗಿ ಬೀಳದು. ಇದು ಮನೆಯೊಳಗಿನ ಮಾತು, ಹೊರಗಿನವರಿಗಲ್ಲ. ಮೊದಲ ಫ್ಲ್ಯಾಗ್ ಬಂದದ್ದು 2020ರ ಲಿನಕ್ಸ್ 5.10 ಆವೃತ್ತಿಯಲ್ಲಿ, ಇದು 2021ರ 5.14ರಲ್ಲಿ. ನೀವು ಎರಡನ್ನೂ ಒಂದೇ ಕಂಬಕ್ಕೆ ಕಟ್ಟಿದ್ದೀರಿ.

ಮೂರನೆಯದರಲ್ಲಿ ನಿಮ್ಮ ವಾಕ್ಯ ಸುಳ್ಳನ್ನೇ ಹೇಳಿಸುತ್ತದೆ. ಓದುಗರು ಕರ್ನಲ್ಲೇ ಹೊಸ ಟ್ಯಾಗ್ ಹಚ್ಚಿತೆಂದುಕೊಳ್ಳುತ್ತಾರೆ. ಹಚ್ಚುವುದು ಪ್ರೋಗ್ರಾಮಿಗೆ ಮೆಮೊರಿಯನ್ನು ತುಂಡು ಮಾಡಿ ಕೊಡುವ ಅದರದೇ ಮ್ಯಾಲಕ್ ಲೈಬ್ರರಿ. ಪ್ರೊಸೆಸರಿನ ಸೂಚನೆಗಳನ್ನು ನೇರವಾಗಿ ಬಳಸಿ ತಾನೇ ಟ್ಯಾಗ್ ಆರಿಸುತ್ತದೆ, ತಾನೇ ಬರೆಯುತ್ತದೆ. ಕರ್ನಲ್ ಅತ್ತ ತಲೆ ಹಾಕುವುದಿಲ್ಲ.

ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ನಾನೂ ಹೀಗೇ ಬರೆದಿದ್ದೆ: 'ಕೆರೆಯ ತೂಬನ್ನು ತೆಗೆಯಲಾಗಿದ್ದು, ಬೆಳೆ ನಷ್ಟವಾಗಿದೆ.' ಸುದ್ದಿ ಸಂಪಾದಕರು ಹಾಳೆಯನ್ನು ಮುಖದ ಮುಂದೆ ಹಿಡಿದು, "ಯಾರಯ್ಯಾ ತೆಗೆದದ್ದು? ತೂಬು ತಾನೇ ಎದ್ದು ಬಂತೇನು?" ಎಂದರು. ಕೇಳಿಕೊಂಡು ಬಾ ಎಂದು ಸಂಜೆಯ ಬಸ್ಸಿಗೆ ಹತ್ತಿಸಿ ಆ ಕೆರೆಯ ಊರಿಗೆ ವಾಪಸು ಕಳಿಸಿದರು. ತೆಗೆದವನು ನೀರಗಂಟಿ. ತೆಗೆಸಿದವರು ತಡವಾಗಿ ನಾಟಿ ಮಾಡಿದ್ದ ಕೊನೆಗದ್ದೆಯವರು. ನೀರು ನಿಂತದ್ದು ನಡುವಿನವರ ಕೊಯ್ಲಿಗೆ ಬಂದ ಭತ್ತದಲ್ಲಿ. ಸುದ್ದಿ ಇದ್ದದ್ದೇ ಅಲ್ಲಿ. ನನ್ನ 'ಲಾಗಿದ್ದು' ಅದನ್ನು ನುಂಗಿಬಿಟ್ಟಿತ್ತು. ಆ ರಾತ್ರಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಲಗಿ ಅವರನ್ನು ಎಷ್ಟು ಶಪಿಸಿದೆನೋ.

ಉಳಿದ ಪುಟಗಳನ್ನು ನಾನು ಮುಟ್ಟಿಲ್ಲ. ಎರಡನೇ ಪುಟವನ್ನು ಹೊಸದಾಗಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. 'ಸ್ಮೃತಿ' ಇದ್ದಲ್ಲೆಲ್ಲ ಮೆಮೊರಿ ಎಂದೇ ಬರೆಯಿರಿ. ಧ್ವಜವನ್ನು ನಾನಾಗಲೇ ಇಳಿಸಿದ್ದೇನೆ.