ಈಗಿನ ಮಕ್ಕಳ ಗೇಮ್, ವೆಬ್ ಸರಣಿ, ರ‍್ಯಾಪ್ ಇವನ್ನೆಲ್ಲ ಕಲೆ ಅಂತ ಒಪ್ಪಿಕೊಳ್ಳಬೇಕಾ?

ಮಗಳ ಜೊತೆ ಇದೇ ವಿಷಯಕ್ಕೆ ಜಗಳವಾಯ್ತು ಅಂತ ಬರೆದಿದ್ದೀರಿ. ನನ್ನ ಮನೆಯಲ್ಲೂ ಆಗಿತ್ತು, ಮಗನ ಜೊತೆ. ಆ ದಿನ ನಾನೇ ಗೆದ್ದೆ ಅಂದುಕೊಂಡಿದ್ದೆ.

ಅವನು ಆಡುತ್ತಿದ್ದದ್ದು 2012ರಲ್ಲಿ ಬಂದ 'ಜರ್ನಿ' ಅನ್ನೋ ಗೇಮ್. ಅದರಲ್ಲಿ ಗುಂಡು ಹಾರಿಸೋದಿಲ್ಲ, ಅಂಕಗಳಿಲ್ಲ. ಕೆಂಪು ನಿಲುವಂಗಿ ತೊಟ್ಟ ಒಂದು ಆಕೃತಿ ಮರಳುಗಾಡು ದಾಟಿ ಬೆಟ್ಟದ ಕಡೆ ಹೋಗುತ್ತದೆ. ದಾರಿಯಲ್ಲಿ ಅಂಥದ್ದೇ ಇನ್ನೊಂದು ಆಕೃತಿ ಸಿಗಬಹುದು. ನಾನು ಕೋಣೆಗೆ ಬಂದಾಗ ತೆರೆಯ ಮೇಲೆ ಹಿಮಗಾಳಿ. ಎರಡು ಆಕೃತಿಗಳು ಅಂಟಿಕೊಂಡು ಬೆಟ್ಟ ಹತ್ತುತ್ತಿದ್ದವು. ಸ್ವಲ್ಪ ಹೊತ್ತು ಹಿಂದೆ ನಿಂತು ನೋಡಿದೆ. "ಬರೀ ನಡೆಯೋದು. ಇದಕ್ಕೆ ಕಲೆ ಅಂತ ಬೇರೆ ಹೆಸರು" ಅಂದು ಟಿವಿ ಆರಿಸಿಬಿಟ್ಟೆ.

"ಅಪ್ಪಾ, ಅಲ್ಲಿ ಇನ್ನೊಬ್ಬರು ಇದ್ರು" ಅಂದ. ನನಗೆ ಅರ್ಥವಾಗಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇದನ್ನೇ ಮಾಡುತ್ತಿರಬಹುದು. ಬೈದದ್ದನ್ನು ಮಕ್ಕಳು ಮರೆಯುತ್ತಾರೆ. ನಾನು ಮಾಡಿದ ತಪ್ಪು ಹಿಂದೆ ನಿಂತು ನೋಡಿ ತೀರ್ಪು ಕೊಟ್ಟದ್ದು. ಆ ಇನ್ನೊಂದು ಆಕೃತಿ ಇಂಟರ್ನೆಟ್‌ನಲ್ಲಿ ಎಲ್ಲೋ ಕೂತು ಆಡುತ್ತಿರುವ ನಿಜವಾದ ಮನುಷ್ಯ. ಆಟ ಮುಗಿಯುವವರೆಗೆ ಹೆಸರು ಕಾಣಿಸೋದಿಲ್ಲ, ಮಾತಾಡೋಕೂ ಆಗೋದಿಲ್ಲ. ಒಂದು ಸಣ್ಣ ನಾದದಲ್ಲಿ ಕೂಗಬಹುದು, ಅಷ್ಟೇ. ಆಕೃತಿಯ ಕುತ್ತಿಗೆಯ ವಸ್ತ್ರದಲ್ಲಿ ಬೆಳಕಿದ್ದರೆ ಅದು ಹಾರಬಹುದು. ಬೆಟ್ಟದ ಚಳಿಗೆ ಆ ಬೆಳಕು ಆರುತ್ತಾ ಹೋಗುತ್ತದೆ. ಇಬ್ಬರು ಮೈ ತಾಗಿಸಿ ನಿಂತರೆ ಮತ್ತೆ ತುಂಬಿಕೊಳ್ಳುತ್ತದೆ. ಅಪರಿಚಿತರಿಬ್ಬರು ಒಬ್ಬರನ್ನೊಬ್ಬರು ಬೆಚ್ಚಗಿಡುತ್ತಿದ್ದರು, ನನಗೆ ಕಂಡದ್ದು ಬರೀ ನಡಿಗೆ. ಆ ಅನುಭವ ಇರೋದು ಆಡುವವರ ಕೈಯಲ್ಲಿ. ಬೆನ್ನ ಹಿಂದೆ ನಿಂತವರಿಗೆ ಅದು ದಕ್ಕೋದಿಲ್ಲ.

ಆಮೇಲೆ ಅವನು ನನಗೆ ಏನನ್ನೂ ತೋರಿಸಲಿಲ್ಲ. ಹಾಡು, ಸರಣಿ, ಆಟ, ಯಾವುದನ್ನೂ. ಬಾಗಿಲು ಹಾಕಿಕೊಂಡು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ. ತುಂಬಾ ತಡವಾಗಿ ನಾನೇ ಕೇಳಿ, ಕಂಟ್ರೋಲರ್ ಹಿಡಿದು ಆಡಿದಾಗಲೇ ಇದೆಲ್ಲ ಗೊತ್ತಾದದ್ದು.

ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ವಿಡಿಯೋ ಗೇಮ್‌ಗಳು ಎಂದೂ ಕಲೆಯಾಗಲಾರವು ಅಂತ ಬರೆದರು. ಕೆಲವೇ ತಿಂಗಳಲ್ಲಿ, ಆಟದ ಅನುಭವ ಸರಿಯಾಗಿ ಇಲ್ಲದೆ ಹಾಗೆ ಬರೆಯಬಾರದಿತ್ತು ಅಂತ ಒಪ್ಪಿಕೊಂಡರು. ಅಭಿಪ್ರಾಯ ಮಾತ್ರ ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ. 2012ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 14 ಗೇಮ್‌ಗಳನ್ನು ಸಂಗ್ರಹಕ್ಕೆ ಸೇರಿಸಿಕೊಂಡಿತು. 2018ರಲ್ಲಿ ಕೆಂಡ್ರಿಕ್ ಲಮಾರ್ ಅವರ ರ‍್ಯಾಪ್ ಆಲ್ಬಮ್‌ಗೆ ಅಮೆರಿಕದ ಹೆಸರಾಂತ ಪುಲಿಟ್ಜರ್ ಪ್ರಶಸ್ತಿ, ಸಂಗೀತ ವಿಭಾಗದಲ್ಲಿ, ಬಂತು. ಇವನ್ನು ತೋರಿಸಿ ಮಗಳು ಗೆದ್ದೆ ಅನ್ನಬಹುದು. ಮ್ಯೂಸಿಯಂ ಒಪ್ಪಿತು ಅಂತ ನೀವೂ ಒಪ್ಪಬೇಕು ಅಂತೇನಿಲ್ಲ.

ನಿಮ್ಮ ಪ್ರಶ್ನೆಯಲ್ಲಿ 'ಅವರ ಪೀಳಿಗೆಗೆ ಇದು ಕಲೆಯಾಗಿರಬಹುದು' ಅನ್ನೋ ಮಾತಿದೆ ನೋಡಿ, ಅದನ್ನು ನಾನು ಒಪ್ಪೋದಿಲ್ಲ. ಉದಾರವಾಗಿ ಕಾಣುತ್ತದೆ, ಆದರೆ 'ನಿಮ್ಮ ಮಟ್ಟಕ್ಕೆ ಇಷ್ಟು ಸಾಕು' ಅಂದ ಹಾಗೆ ಅದು. ಒಂದು ಕೃತಿ ಒಳ್ಳೆಯದಾಗಿದ್ದರೆ ನಿಮಗೂ ತಟ್ಟಬೇಕು. ಇಡೀ ರಾಶಿಗೆ ಒಂದೇ ಹಣೆಪಟ್ಟಿ ಹಚ್ಚಬೇಡಿ. ಸುಮ್ನೆ ಬೆರಳು ಸರಿಸುತ್ತಾ ಕೂರುವಂತೆ ಮಾಡಿದ ವಿಡಿಯೋಗಳೇ ಜಾಸ್ತಿ, ಅವುಗಳಲ್ಲಿ ಹೆಚ್ಚಿನವು ನನಗೆ ಕಸವೇ. ಹಾಗಂತ ಮಗನಿಗೂ ಹೇಳುತ್ತೇನೆ. ಈಗ ಅವನು ವಾದ ಮಾಡುತ್ತಾನೆ, ಯಾಕಂದ್ರೆ ನಾನು ನೋಡಿಯೇ ಮಾತಾಡುತ್ತಿದ್ದೇನೆ ಅಂತ ಅವನಿಗೆ ಗೊತ್ತು.

ನಿಮ್ಮ ಮಗಳಿಗೆ ತುಂಬಾ ಇಷ್ಟವಾದದ್ದು ಯಾವುದು ಅಂತ ಕೇಳಿ. ಒಂದೇ ಒಂದು ಸಾಕು. ಸರಣಿಯಾದರೆ ಮೊದಲ ಕಂತಿನಿಂದ ನೋಡಿ, ಹಾಡಾದರೆ ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ, ಆಟವಾದರೆ ನೀವೇ ಆಡಿ. ಮುಗಿಯುವವರೆಗೆ ಅಭಿಪ್ರಾಯ ಹೇಳಬೇಡಿ. ಆಮೇಲೂ ಇಷ್ಟವಾಗದಿದ್ದರೆ ಎಲ್ಲಿ ಸೋತಿತು ಅಂತ ಅವಳಿಗೇ ಬಿಡಿಸಿ ಹೇಳಿ.