ಹಬ್ಬದ ಮೇಜಿಗೆ ಕಾಗದದ ಪದರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಊಟದ ಮೇಜಿನ ಅಲಂಕಾರದ ಬಗ್ಗೆಯೇ ಇದ್ದವು. ಕ್ರಿಸ್ಮಸ್ ಮತ್ತು ಸಂಕ್ರಾಂತಿ ಎರಡೂ ಹತ್ತಿರ ಬಂದಿವೆ, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾವು ಮಂಗಳೂರು ಕಡೆಯವರು, ಮುಂಬಯಿಯ ಮಲಾಡಿನಲ್ಲಿದ್ದೇವೆ. ಕ್ರಿಸ್ಮಸ್ ಮಧ್ಯಾಹ್ನ ಅಣ್ಣ-ತಮ್ಮಂದಿರ ಸಂಸಾರವೆಲ್ಲ ನಮ್ಮಲ್ಲೇ ಊಟಕ್ಕೆ. ಮೇಜಿನ ನಡುವೆ ಪದರ ಪದರವಾದ ಕಾಗದದ ಮರ ಇಡುವ ಆಸೆ. ಮನೆಯಲ್ಲೇ ಆಗುತ್ತಾ ಅಕ್ಕ?

ಉತ್ತರ: ಖಂಡಿತ ಆಗುತ್ತದೆ. ಮೊದಲು ಎತ್ತರದ ಮಾತು. ಮರ ಒಂದು ಅಡಿಗಿಂತ ಎತ್ತರ ಬೇಡ. ಎದುರಿಗೆ ಕೂತ ಅತ್ತಿಗೆಯ ಮುಖ ಕಾಣಬೇಕು, ಸಾನ್ನದ ತಟ್ಟೆ ಆಚೆಯಿಂದ ಈಚೆಗೆ ದಾಟಬೇಕು. ಎ4 ಹಾಳೆಯನ್ನು ಅರ್ಧ ಮಾಡಿದರೆ 21 ಸೆಂಟಿಮೀಟರ್ ಉದ್ದದ ತುಂಡು ಸಿಗುತ್ತದೆ, ಅಷ್ಟೇ ಸಾಕು.

ಇಂಥ ಎಂಟು ತುಂಡು ಬೇಕು, ಅಂದರೆ ನಾಲ್ಕು ಎ4 ಹಾಳೆ. ಎರಡು ಕಡು ಹಸಿರು, ಎರಡು ತಿಳಿ ಹಸಿರು. ಕಾಗದ 120ರಿಂದ 160 ಜಿಎಸ್ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರಲಿ. ಅದಕ್ಕಿಂತ ದಪ್ಪ ಆದರೆ ಮಡಿಕೆಯಲ್ಲಿ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣುತ್ತದೆ. ಪ್ರತಿ ತುಂಡನ್ನೂ ಉದ್ದಕ್ಕೆ ಮಡಿಸಿ, ಮಡಿಕೆಯ ಕಡೆಗೆ ಅರ್ಧ ಮರ ಬರೆದು ಕತ್ತರಿಸಿ. ಬಿಡಿಸಿದರೆ ಎರಡೂ ಬದಿ ಒಂದೇ ಥರ ಇರುತ್ತದೆ. ತಿಳಿ ಹಸಿರಿನ ಮರಗಳನ್ನು ಮಾತ್ರ ಹೊರ ಅಂಚಿನಲ್ಲಿ ಒಂದು ಸೆಂಟಿಮೀಟರ್ ಚಿಕ್ಕದು ಮಾಡಿ. ಬುಡ ಸಮ ಇರಲಿ.

ಈಗ ಅಂಟಿಸುವುದು. ಕಡು ಹಸಿರಿನ ಬಲ ಅರ್ಧದ ಮೇಲೆ ತಿಳಿ ಹಸಿರಿನ ಎಡ ಅರ್ಧ, ಅದರ ಬಲ ಅರ್ಧಕ್ಕೆ ಮತ್ತೆ ಕಡು ಹಸಿರು. ಹೀಗೇ ಸುತ್ತಿಕೊಂಡು ಬಂದು ಕೊನೆಯದನ್ನು ಮೊದಲಿನದಕ್ಕೆ ಸೇರಿಸಿ. ಮಡಿಕೆಗೆ ಮಡಿಕೆ, ಬುಡಕ್ಕೆ ಬುಡ ಸರಿಯಾಗಿ ಕೂರಬೇಕು. ಇದರಲ್ಲಿ ಅವಸರ ಬೇಡ. ತಿಳಿ ಎಲೆಯ ಹಿಂದಿನಿಂದ ಕಡು ಹಸಿರಿನ ಅಂಚು ಎಲ್ಲ ಕಡೆ ಇಣುಕುತ್ತದೆ. ಆ ಅಂಚು ನೋಡಿದಾಗಲೇ ನನಗೆ ಖುಷಿ. ಪಕ್ಕದಲ್ಲಿ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ತಟ್ಟೆ ಇಟ್ಟರೆ ಮೇಜಿಗೆ ಮತ್ತೇನೂ ಬೇಡ.

ಒಂದು ವಿನಂತಿ, ಮಿನುಗುಪುಡಿ ಹಾಕಬೇಡಿ. ಕೈ ತಾಗಿದರೆ ಸಾಕು, ಉದುರಿ ಊಟಕ್ಕೆ ಬೀಳುತ್ತದೆ.

ಪ್ರಶ್ನೆ: ಸಂಕ್ರಾಂತಿಗೆ ಬೀಗರನ್ನು ಊಟಕ್ಕೆ ಕರೆದಿದ್ದೇವೆ. ಅವರು ಮರಾಠಿಯವರು. ಯಾರು ಎಲ್ಲಿ ಕೂರಬೇಕು ಅಂತ ಹೆಸರಿನ ಚೀಟಿ ಇಡಬೇಕೆಂದಿದೆ, ಆದರೆ ಫ್ಯಾನ್ ಹಾಕಿದರೆ ಹಾರಿಹೋಗುತ್ತವೆ. ಏನು ಮಾಡಲಿ? (ಕೋಥ್ರೂಡ್, ಪುಣೆ)

ಉತ್ತರ: ಚೀಟಿಗೆ ಒಂದು ಪುಟ್ಟ ಸ್ಟ್ಯಾಂಡ್ ಮಾಡೋಣ. ಹಳೆಯ ಲಗ್ನಪತ್ರಿಕೆಗಳು ಮನೆಯಲ್ಲಿ ಇದ್ದೇ ಇರುತ್ತವೆ ಅಲ್ವಾ? ಆ ಗಟ್ಟಿ ಕಾಗದ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಗಣಪತಿಯ ಚಿತ್ರ ಇರುವ ಭಾಗ ಕತ್ತರಿಸಬೇಡಿ, ಬದಿಗೆ ತೆಗೆದಿಡಿ.

8 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ. ಉದ್ದದಲ್ಲಿ 5, 10, 15ಕ್ಕೆ ಗೆರೆ ಹಾಕಿ. ಖಾಲಿಯಾದ ಬಾಲ್‌ಪೆನ್ ರೀಫಿಲ್ಲಿನಿಂದ ಸ್ಕೇಲ್ ಹಿಡಿದು ಗೀರಿ, ಆಮೇಲೆ ಮಡಿಸಿ. ಗೀರದೆ ಮಡಿಸಿದರೆ ಗಟ್ಟಿ ಕಾಗದ ಸೊಟ್ಟಗೆ ಬಗ್ಗುತ್ತದೆ. ಉಳಿದ ಒಂದು ಸೆಂಟಿಮೀಟರಿಗೆ ಅಂಟು ಹಚ್ಚಿ ಮುಚ್ಚಿದರೆ ಮೂರು ಮೂಲೆಯ ಗೂಡು. ಅಡಿಯ ಒಳಬದಿಗೆ ಐದು ರೂಪಾಯಿ ನಾಣ್ಯವೊಂದನ್ನು ಟೇಪಿನಿಂದ ಅಂಟಿಸಿ. ಇನ್ನು ಫ್ಯಾನ್ ತಿರುಗಲಿ ಬಿಡಿ.

ಮುಂದಿನ ಮುಖಕ್ಕೆ ಕಾಗದದಲ್ಲಿ ಕತ್ತರಿಸಿದ ಕಬ್ಬಿನ ಎಲೆಯ ಸಾಲೊಂದನ್ನು ಹಚ್ಚಿ, ಇದು ಮೊದಲ ಪದರ. ಮೇಲಿನ ಪದರಕ್ಕೆ 7 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರದ ಗಾಳಿಪಟದ ಸಾಲು ಕತ್ತರಿಸಿ. ಇದನ್ನು ಸೀದಾ ಅಂಟಿಸಬೇಡಿ. ಎರಡೂ ಬದಿ ಅಂಚಿಗೆ ಒಂದೊಂದು, ಬುಡದಿಂದ 2 ಸೆಂಟಿಮೀಟರ್ ಮೇಲೆ ಅಡ್ಡಕ್ಕೊಂದು, ಹೀಗೆ ಫೋಮ್ ಟೇಪಿನ (ಎರಡೂ ಬದಿ ಅಂಟುವ ಸ್ಪಂಜಿನಂಥ ಟೇಪು) ತೆಳು ಪಟ್ಟಿ ಕೊಟ್ಟು ಎಲೆಗಳ ಮೇಲೆ ಕೂರಿಸಿ. ಮೇಲ್ಭಾಗ ತೆರೆದೇ ಇರಲಿ. ಈಗ ಎರಡು ಪದರದ ನಡುವೆ ಸಣ್ಣ ಸಂದಿ ಆಯಿತು. ಚೀಟಿಯನ್ನು ಮೇಲಿನಿಂದ ಆ ಸಂದಿಗೆ ಇಳಿಸಿ. ಪದರಗಳೇ ಹಿಡಿದುಕೊಳ್ಳುತ್ತವೆ, ಬೇರೆ ಕ್ಲಿಪ್ ಬೇಡ. ಮುಖ ಹಿಂದಕ್ಕೆ ವಾಲಿರುವುದರಿಂದ ಕೂತವರ ಕಣ್ಣಿಗೆ ಹೆಸರು ನೇರ ಕಾಣುತ್ತದೆ. ಮುಂದಿನ ಹಬ್ಬಕ್ಕೆ ಚೀಟಿ ಬದಲಿಸಿದರೆ ಸಾಕು. ಅದೇ ಸಂದಿಯಿಂದ ನೆರಳೂ ಬೀಳುತ್ತದೆ. ಪದರದ ಕೆಲಸದ ಅಂದವೆಲ್ಲ ಆ ನೆರಳಿನಲ್ಲೇ ಇದೆ. ಎಷ್ಟು ಬಣ್ಣ ಬಳಸಿದರೂ ಎಲ್ಲವನ್ನೂ ಒಂದರ ಮೇಲೊಂದು ಚಪ್ಪಟೆಯಾಗಿ ಮೆತ್ತಿದರೆ ಅದು ಸುಮ್ನೆ ಚಿತ್ರವಾಗಿ ಉಳಿಯುತ್ತದೆ.

ಚೀಟಿ 5 ಸೆಂಟಿಮೀಟರ್ ಚೌಕ ಇರಲಿ, ಕೆಳಗಿನ 2 ಸೆಂಟಿಮೀಟರ್ ಒಳಗೆ ಹೋಗುತ್ತದೆ. ಹೆಸರನ್ನು ಆದಷ್ಟು ಮೇಲೆ ಬರೆಯಿರಿ. ನಮ್ಮ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು. ಲಕ್ಷ್ಮಿ, ಕೃಷ್ಣ ಅಂತ ಬರೆದು ನೋಡಿ, ಗೊತ್ತಾಗುತ್ತದೆ. ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಹಾಕಿಕೊಂಡರೆ ಒತ್ತು ಗಾಳಿಪಟದ ಹಿಂದೆ ಮರೆಯಾಗುವುದಿಲ್ಲ. ಬೀಗರಿಗೆ ಮರಾಠಿಯಲ್ಲೂ ಬರೆಯಿರಿ. ಹಿರಿಯರಿಗೆ ಬರೀ ಹೆಸರು ಚೆನ್ನಾಗಿರುವುದಿಲ್ಲ. ಅಜ್ಜಿ, ದೊಡ್ಡಪ್ಪ, ಆತ್ಯಾ ಅಂತ ಮನೆಯಲ್ಲಿ ಕರೆಯುವ ಹಾಗೇ ಬರೆಯಿರಿ. ನೋಡಿದ ಕೂಡಲೇ ಅವರ ಮುಖ ಅರಳುತ್ತದೆ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇವೆ, ಊರು ಧಾರವಾಡ. ಇಲ್ಲಿ ಕಾಗದದ ಏನೇ ಮಾಡಿದರೂ ಎರಡು ದಿನಕ್ಕೆ ಮುರುಟಿಕೊಳ್ಳುತ್ತದೆ. ಸಮುದ್ರದ ಗಾಳಿಯಿಂದಲೇ?

ಉತ್ತರ: ಗಾಳಿಯ ತೇವ ಒಂದು ಕಾರಣ, ಅಂಟು ಇನ್ನೊಂದು. ಫೆವಿಕಾಲ್ ನೀರಿನ ಅಂಟು. ದಪ್ಪಗೆ ಹಚ್ಚಿದರೆ ಕಾಗದ ಆ ನೀರು ಕುಡಿದು ಉಬ್ಬುತ್ತದೆ. ಹಳೆಯ ವಿಸಿಟಿಂಗ್ ಕಾರ್ಡಿನಿಂದ ತೆಳ್ಳಗೆ ಎಳೆದು, ಅಂಟಿಸಿದ ಮೇಲೆ ದಪ್ಪ ಪುಸ್ತಕದ ಅಡಿ ರಾತ್ರಿಯಿಡೀ ಇಡಿ. ದೊಡ್ಡ ತುಂಡುಗಳಿಗೆ ಡಬಲ್ ಸೈಡ್ ಟೇಪೇ ಮೇಲು.

ಇನ್ನೊಂದು ಸಂಗತಿಯನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಮಿಲ್ಲಿನ ಕಾಗದದ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ತೇವ ತಾಗಿದಾಗ ನಾರಿಗೆ ಅಡ್ಡವಾಗಿ ಕಾಗದ ಹಿಗ್ಗುತ್ತದೆ. ಒಂದು ಪದರದ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇದ್ದರೆ ಎರಡೂ ಎಳೆದಾಡಿ ಸುರುಳಿ ಸುತ್ತುತ್ತವೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ಮಡಿಕೆಯ ಉದ್ದಕ್ಕೇ ನಾರಿದೆ. ಎಲ್ಲ ಪದರಗಳನ್ನೂ ಅದೇ ದಿಕ್ಕಿಗೆ ಕತ್ತರಿಸಿ.

ಪ್ರಶ್ನೆ: ಒಳ್ಳೆಯ ಕಾಗದ ಎಲ್ಲಿ ಸಿಗುತ್ತದೆ? ಅಲಂಕಾರದ ಅಡಿಯಲ್ಲಿ ಥರ್ಮಾಕೋಲ್ ಇಡಬಹುದೇ? (ಡೊಂಬಿವಲಿ)

ಉತ್ತರ: ನಿಮಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಅನುಕೂಲ. ಭಾನುವಾರ ಬಿಟ್ಟು ಬೆಳಿಗ್ಗೆಯೇ ಹೋಗಿ. ಪುಣೆಗೆ ಹೋಗುವುದಿದ್ದರೆ ಅಪ್ಪಾ ಬಳವಂತ ಚೌಕದ ಅಂಗಡಿಗಳಿವೆ. ಶಿವಾಜಿನಗರದಲ್ಲಿ 1940ರಲ್ಲಿ ಶುರುವಾದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟ್ ಇದೆ. ಕೈಯಲ್ಲೇ ತಯಾರಿಸಿದ ಹಾಳೆಯಲ್ಲಿ ನಾರು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಪದರದ ಕೆಲಸಕ್ಕೆ ಅದು ನನಗೆ ತುಂಬಾ ಇಷ್ಟ.

ಥರ್ಮಾಕೋಲ್ ಬೇಡವೇ ಬೇಡ. ಮಹಾರಾಷ್ಟ್ರದಲ್ಲಿ 2018ರಿಂದ ಅಲಂಕಾರಕ್ಕೆ ಅದನ್ನು ಬಳಸುವುದು ನಿಷೇಧ. ಪಾರ್ಸೆಲ್ ಬಂದ ಡಬ್ಬದ ರಟ್ಟನ್ನು ಎರಡು ಪದರ ಅಂಟಿಸಿದರೆ ಗಟ್ಟಿ ಅಡಿ ಆಗುತ್ತದೆ. ಅಂಚಿಗೆ ಬಣ್ಣದ ಕಾಗದದ ಪಟ್ಟಿ ಸುತ್ತಿ.

ಪ್ರಶ್ನೆ: ಕಾಗದದ ಮರದ ಒಳಗೆ ದೀಪ ಇಡಬಹುದೇ? (ಮಡಗಾಂವ್)

ಉತ್ತರ: ಬೆಂಕಿಯ ದೀಪ ಖಂಡಿತ ಬೇಡ, ಪಕ್ಕದಲ್ಲೂ ಬೇಡ. ಬ್ಯಾಟರಿಯ ಸಣ್ಣ ಎಲ್‌ಇಡಿ ದೀಪ ಇಡಿ. ಮೇಣದಬತ್ತಿ ಬೇಕೇ ಬೇಕು ಅಂದರೆ ಬೇರೆ ಮೇಜಿನ ಮೇಲೆ, ಮಕ್ಕಳ ಕೈಗೆ ಸಿಗದ ಹಾಗೆ.